ಗಪ್ಪಿ ಹೊಟ್ಟೆಯಡಿ ಕೆಂಪು ದಾರ

ನನ್ನ ಅಕ್ವೇರಿಯಂನಲ್ಲಿ ಹೆಣ್ಣು ಗಪ್ಪಿ ಮೀನೊಂದು ವ್ಯಾಲಿಸ್ನೇರಿಯಾ ಗಿಡದ ಸಂದಿಯಲ್ಲಿ ಅಲುಗಾಡದೆ ನಿಂತಿತ್ತು. ಹೊಟ್ಟೆಯಡಿಯಿಂದ ಮೂರು ಕೆಂಪು ಎಳೆಗಳು ಹೊರಗೆ ಚಾಚಿಕೊಂಡಿದ್ದವು. ಹೊಲಿಗೆ ದಾರದ ತುದಿ ಬಿಚ್ಚಿಕೊಂಡ ಹಾಗೆ. ಕೆಂಪು ಬಣ್ಣದ ಆಹಾರ ಹಾಕುತ್ತಿದ್ದೆನಲ್ಲ, ಹಿಕ್ಕೆ ಇರಬೇಕು ಅಂದುಕೊಂಡೆ. ಸುಮ್ನೆ ಮೊಬೈಲ್ ಟಾರ್ಚ್ ಬಿಟ್ಟೆ. ಮೀನು ಬೆಚ್ಚಿ ಮುಂದಕ್ಕೆ ನುಗ್ಗಿತು. ಎಳೆಗಳು ಸರಕ್ಕನೆ ಒಳಗೆ ಹೋದವು.

ಹಿಕ್ಕೆ ಆಗಿದ್ದರೆ ತುಂಡಾಗಿ ಬೀಳುತ್ತಿತ್ತು, ಇಲ್ಲವೇ ಬಾಲದ ಹಿಂದೆ ಜೋತಾಡುತ್ತಿತ್ತು. ತಿರುಗಿ ಒಳಗೆ ಹೋಗುವುದಿಲ್ಲ. ಐದು ನಿಮಿಷ ಕಾದೆ. ಮೀನು ಮತ್ತೆ ನಿಂತಿತು, ಎಳೆಗಳು ಮತ್ತೆ ಇಣುಕಿದವು. ಕಮಲ್ಲಾನಸ್. ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುವ ದುಂಡುಹುಳು. ಕೆಂಪು ಬಣ್ಣ ಬಂದಿರುವುದೇ ಆ ರಕ್ತದಿಂದ. ಅಕ್ವೇರಿಯಂಗಳಲ್ಲಿ ಸಾಮಾನ್ಯವಾಗಿ ಸಿಗುವ ಜಾತಿ ಕಮಲ್ಲಾನಸ್ ಕಾಟಿ. ಜಪಾನಿನ ವಿಜ್ಞಾನಿ ಫುಜಿತಾ 1927ರಲ್ಲಿ ಅದನ್ನು ಗುರುತಿಸಿ ಹೆಸರಿಟ್ಟರು. ಆಮೇಲೆ ಅದು ಗಪ್ಪಿಗಳ ಜೊತೆ ಎಷ್ಟೋ ದೇಶ ಸುತ್ತಿದೆ.

ನನ್ನ ಟ್ಯಾಂಕಿಗೆ ಬಂದದ್ದೂ ಗಪ್ಪಿಗಳ ಜೊತೆಯೇ. ಮೇ ತಿಂಗಳಲ್ಲಿ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಕೆಂಪು ಬಾಲದ ಆರು ಗಪ್ಪಿ ಕೊಂಡೆ. ಚಿತ್ರದುರ್ಗಕ್ಕೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಹೊಸ ಮೀನನ್ನು ಸ್ವಲ್ಪ ದಿನ ಬೇರೆ ಟಬ್ಬಿನಲ್ಲಿ ಇಟ್ಟು ನೋಡುವ ಸಹನೆ ಇರಲಿಲ್ಲ. ಚೀಲ ಅರ್ಧ ಗಂಟೆ ತೇಲಿಸಿ ನೇರ ಟ್ಯಾಂಕಿಗೆ ಬಿಟ್ಟೆ. ತಪ್ಪು ನನ್ನದೇ. ಎರಡು ತಿಂಗಳಾದ ಮೇಲೆ, ಆಷಾಢದ ಗಾಳಿ ಹೊತ್ತಿಗೆ, ಬಿಲ್ ಬಂತು.

ಟ್ಯಾಂಕ್ ಬಗ್ಗೆ ಹೇಳಿಬಿಡುತ್ತೇನೆ. ಮೂರಡಿ ಉದ್ದದ್ದು, ನಾಲ್ಕು ವರ್ಷ ಹಳೆಯದು. ಕೆಳಗೆ ಮಣ್ಣು, ಮೇಲೆ ಮರಳು. ಗಿಡ ಅಂದರೆ ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಮರದ ಬೇರಿಗೆ ಕಟ್ಟಿದ ಅನುಬಿಯಾಸ್, ಜಾವಾ ಮಾಸ್. ಹದಿನೆಂಟು ಗಪ್ಪಿ, ತಳದಲ್ಲಿ ಹೆಕ್ಕಿ ತಿನ್ನುವ ಆರು ಕೋರಿ ಮೀನು, ಎರಡು ಹನಿ (ಜೇನು) ಗೌರಾಮಿ ಮೀನು. ಮೂಳೆ ಇಲ್ಲದವರ ಸಂಸಾರ ಇದಕ್ಕಿಂತ ದೊಡ್ಡದು. ನೂರರ ಹತ್ತಿರ ಕೆಂಪು ಚೆರ್ರಿ ಸಿಗಡಿ, ನಾಲ್ಕು ನೆರೈಟ್ ಬಸವನಹುಳು, ಎರಡು ಹಳದಿ ಆಪಲ್ ಬಸವನಹುಳು. ರಾಮ್ಸ್‌ಹಾರ್ನ್ ಬಸವನಹುಳು ಎಷ್ಟಿವೆಯೋ, ಲೆಕ್ಕ ಇಟ್ಟವರಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಸ್ಟೀಲ್ ಪಾತ್ರೆ ಮೇಲೆಲ್ಲ ಬಿಳಿ ಕಲೆ ಕೂರಿಸುತ್ತದೆ. ಅಮ್ಮ ದಿನಾ ಬಯ್ಯುವ ಆ ನೀರೇ ಬಸವನಹುಳುವಿನ ಚಿಪ್ಪಿಗೂ ಗಪ್ಪಿಗೂ ಹೇಳಿ ಮಾಡಿಸಿದ್ದು.

ಎರಡು ವರ್ಷದ ಹಿಂದೆ ಇದೇ ಟ್ಯಾಂಕಿಗೆ ಬಿಳಿ ಚುಕ್ಕೆ ರೋಗ ಬಂದಿತ್ತು. ಅಂಗಡಿಯಿಂದ ನೀಲಿ ಬಾಟಲಿ ತಂದು, ಲೇಬಲ್ ಓದದೆ ಸುರಿದಿದ್ದೆ. ಅದರಲ್ಲಿ ತಾಮ್ರ ಇತ್ತು. ಮೀನು ಉಳಿದವು. ಬೆಳಿಗ್ಗೆ ಎದ್ದು ನೋಡಿದರೆ ಸಿಗಡಿಗಳು ಬೇಯಿಸಿದ ಹಾಗೆ ಬೆಳ್ಳಗಾಗಿ ಮರಳಿನ ಮೇಲೆ ಬಿದ್ದಿದ್ದವು. ಸಿಗಡಿಗೆ, ಬಸವನಹುಳುವಿಗೆ ತಾಮ್ರ ಅಂದರೆ ವಿಷ. ಅದಾದ ಮೇಲೆ ಒಂದು ಬುದ್ಧಿ ಬಂತು. ಈ ಟ್ಯಾಂಕಿನಲ್ಲಿ ಔಷಧಿ ಕುಡಿಯುವುದು ಕಾಯಿಲೆ ಬಿದ್ದ ಮೀನು ಮಾತ್ರ ಅಲ್ಲ, ಎಲ್ಲರೂ.

ಹಾಗಾಗಿ ಈ ಸಲ ಮೊದಲು ಕೂತು ಯೋಚಿಸಿದೆ. ಉಪ್ಪು? ಕರುಳೊಳಗಿನ ಹುಳಕ್ಕೆ ಉಪ್ಪಿನಿಂದ ಏನೂ ಆಗುವುದಿಲ್ಲ. ಸಾಯುವುದು ಗಿಡ. ಮೆಟ್ರೋನಿಡಜೋಲ್ ಏಕಕೋಶ ಜೀವಿಗಳಿಗೆ, ಹುಳಕ್ಕಲ್ಲ. ಪ್ರಾಜಿಕ್ವಾಂಟೆಲ್ ಲಾಡಿಹುಳಕ್ಕೆ, ಕಿವಿರಿಗೆ ಅಂಟುವ ಫ್ಲೂಕ್ ಹುಳಕ್ಕೆ ಒಳ್ಳೆಯದು. ದುಂಡುಹುಳಕ್ಕೆ ಕೆಲಸ ಮಾಡುವುದಿಲ್ಲ. ಉಳಿದ ಔಷಧಿ ಎರಡು, ಫೆನ್‌ಬೆಂಡಜೋಲ್ ಮತ್ತು ಲೆವಮಿಸೋಲ್.

ಫೆನ್‌ಬೆಂಡಜೋಲ್ ಈ ಹುಳದ ಮೇಲೆ ಕೆಲಸ ಮಾಡುತ್ತದೆ. ಆದರೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಹಾರದಲ್ಲಿ ಬೆರೆಸಿ ತಿನ್ನಿಸಬೇಕು. ನನ್ನ ಗಪ್ಪಿಗಳಲ್ಲಿ ನಾಲ್ಕು ಆಗಲೇ ಊಟ ಬಿಟ್ಟಿದ್ದವು. ಇನ್ನೊಂದು ತೊಂದರೆ, ಅದು ಮರಳು, ಬೇರುಗಳ ನಡುವೆ ಬಹಳ ಕಾಲ ಕೂತುಬಿಡುತ್ತದೆ. ಸಿಗಡಿ ತಡೆದುಕೊಳ್ಳುತ್ತವೆ, ನೆರೈಟ್‌ನಂಥ ಬಸವನಹುಳುಗಳು ಸಾಯುತ್ತವೆ. ಲೆವಮಿಸೋಲ್ ಹಾಗಲ್ಲ. ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಮೀನು ತಿನ್ನದಿದ್ದರೂ ನೀರಿನ ಮೂಲಕವೇ ಒಳಗೆ ಹೋಗುತ್ತದೆ. ಅದು ಹುಳವನ್ನು ನೇರ ಕೊಲ್ಲುವುದಿಲ್ಲ. ಅದರ ಸ್ನಾಯುಗಳನ್ನು ಸೆಟೆದುಕೊಳ್ಳುವಂತೆ ಮಾಡುತ್ತದೆ. ಕಚ್ಚಿದ ಹಿಡಿತ ತಪ್ಪುತ್ತದೆ, ಮೀನು ಹುಳವನ್ನು ಹೊರಗೆ ಹಾಕುತ್ತದೆ.

ನಮ್ಮ ಕಡೆ ಲೆವಮಿಸೋಲ್ ಹುಡುಕುವುದು ಕಷ್ಟ ಅಲ್ಲ. ಇದು ಕುರಿ ಸಾಕುವ ಜಿಲ್ಲೆ, ಇದು ಕುರಿಯ ಜಂತುಹುಳದ ಔಷಧಿ. ಪಶು ಔಷಧಿ ಅಂಗಡಿಗೆ ಹೋಗಿ ಕೇಳಿದೆ.

"ಎಷ್ಟು ಕುರಿ ಅವೆ ಅಣ್ಣಾ?"

"ಕುರಿ ಅಲ್ಲ, ಮೀನು."

ಆತ ಒಂದು ಗಳಿಗೆ ನನ್ನ ಮುಖ ನೋಡಿದ. "ಎಷ್ಟು ಕೆಜಿ ಬರ್ತವೆ?"

ಎಲ್ಲ ಮೀನು ಸೇರಿಸಿದರೂ ನೂರು ಗ್ರಾಂ ದಾಟುವುದು ಕಷ್ಟ. ಅದನ್ನು ಹೇಳಿದ್ದರೆ ಅಂಗಡಿಯಿಂದಲೇ ಕಳಿಸುತ್ತಿದ್ದನೇನೋ. ಕುರಿಗೆ ಲೆಕ್ಕ ಮೈತೂಕದ ಮೇಲೆ, ಮೀನಿಗೆ ಲೆಕ್ಕ ನೀರಿನ ಮೇಲೆ. ಆತ ಬಾಟಲಿ ಕೊಟ್ಟ. ಈ ಸಲ ಲೇಬಲ್ ಓದಿದೆ. ಲೆವಮಿಸೋಲ್ ಜೊತೆ ಆಕ್ಸಿಕ್ಲೋಜನೈಡ್ ಸಹ ಇತ್ತು. ಕುರಿಯ ಲಿವರ್ ಹುಳಕ್ಕೂ ಆಗಲಿ ಅಂತ ಎರಡನ್ನೂ ಸೇರಿಸಿ ಮಾರುತ್ತಾರೆ. ಆಕ್ಸಿಕ್ಲೋಜನೈಡ್ ನಿಕ್ಲೋಸಮೈಡ್ ಕುಟುಂಬದ್ದು. ನಿಕ್ಲೋಸಮೈಡ್ ಬಸವನಹುಳು, ಮೀನು ಎರಡನ್ನೂ ಕೊಲ್ಲಲು ಬಳಸುವ ರಾಸಾಯನಿಕ. ಬಾಟಲಿ ಅಲ್ಲೇ ವಾಪಸ್ ಇಟ್ಟೆ. ನೀವು ಈ ದಾರಿ ಹಿಡಿಯುವುದಾದರೆ ಈ ಒಂದು ಸಾಲು ನೆನಪಿಡಿ. ಲೇಬಲ್ ಮೇಲೆ ಲೆವಮಿಸೋಲ್ ಒಂದೇ ಇರಬೇಕು.

ಪಶು ಆಸ್ಪತ್ರೆಯ ಡಾಕ್ಟ್ರ ಹತ್ತಿರ ಹೋದೆ. ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. "ಮದ್ದೇನೋ ಅದೇ. ಮೀನಿನ ಡೋಸ್ ಮಾತ್ರ ನನಗೆ ಗೊತ್ತಿಲ್ಲಪ್ಪ, ನೀನೇ ಲೆಕ್ಕ ಹಾಕ್ಕೊ" ಅಂತ ನಕ್ಕು 150 ಮಿಲಿಗ್ರಾಂ ಮಾತ್ರೆಗೆ ಚೀಟಿ ಬರೆದುಕೊಟ್ಟರು. ಹತ್ತು ಮಾತ್ರೆಗೆ ಆದ ಖರ್ಚು ಮಿರ್ಚಿ ಮಂಡಕ್ಕಿ ತಿಂದಷ್ಟು.

ಈಗ ಲೆಕ್ಕ. ಅಕ್ವೇರಿಯಂ ಸಾಕುವವರು ಬಳಸುವ ಪ್ರಮಾಣ ಲೀಟರ್ ನೀರಿಗೆ 2 ಮಿಲಿಗ್ರಾಂ. ಟೇಪ್ ಹಿಡಿದರೆ ನನ್ನ ಟ್ಯಾಂಕ್ 90, 38, 45 ಸೆಂಟಿಮೀಟರ್. ಗುಣಿಸಿದರೆ 154 ಲೀಟರ್. ಆದರೆ ಅಷ್ಟು ನೀರು ಎಲ್ಲಿದೆ? ಮೇಲೆ ನಾಲ್ಕು ಬೆರಳು ಖಾಲಿ, ಕೆಳಗೆ ಮಣ್ಣು, ನಡುವೆ ಮರ. ಮೊದಲ ದಿನ ತುಂಬಿದಾಗ 20 ಲೀಟರ್ ಕ್ಯಾನಿನಲ್ಲಿ ಸರಿಯಾಗಿ ಆರು ಕ್ಯಾನ್ ಹಿಡಿದಿತ್ತು. ಟ್ಯಾಂಕಿನ ಹಿಂದಿನ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಇನ್ನೂ ಇದೆ. ಅಂದರೆ 120 ಲೀಟರ್, 240 ಮಿಲಿಗ್ರಾಂ. ಟೇಪ್ ನಂಬಿದ್ದರೆ ಕಾಲು ಭಾಗಕ್ಕಿಂತ ಜಾಸ್ತಿ ಬೀಳುತ್ತಿತ್ತು.

ಎರಡು ಮಾತ್ರೆ ಕುಟ್ಟಿ 300 ಮಿಲಿ ನೀರಿನಲ್ಲಿ ಕಲಸಿದೆ. ಒಂದು ಮಿಲಿಗೆ ಒಂದು ಮಿಲಿಗ್ರಾಂ, ತಲೆನೋವಿಲ್ಲದ ಲೆಕ್ಕ. ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಅದು ಮಾತ್ರೆ ಕಟ್ಟಲು ಹಾಕಿದ ಹಿಟ್ಟು, ಔಷಧಿ ಅಲ್ಲ. ಔಷಧಿ ನೀರಿನಲ್ಲಿದೆ. ಕೈಗೆ ಗ್ಲೌಸ್ ಹಾಕಿಕೊಂಡಿದ್ದೆ. ಬಾಟಲಿ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದೆ. ಮನೆಯಲ್ಲಿ ಫ್ರಿಜ್ ತೆಗೆಯುವ ಕೈ ಬಹಳ.

ನೇರ ಟ್ಯಾಂಕಿಗೆ ಹಾಕಲು ಧೈರ್ಯ ಬರಲಿಲ್ಲ. ಐದು ಲೀಟರಿನ ಉಪ್ಪಿನಕಾಯಿ ಜಾಡಿಗೆ ಟ್ಯಾಂಕ್ ನೀರನ್ನೇ ತುಂಬಿ, ಹತ್ತು ಸಿಗಡಿ, ಒಂದು ನೆರೈಟ್, ಮೂರು ರಾಮ್ಸ್‌ಹಾರ್ನ್ ಬಿಟ್ಟು, 10 ಮಿಲಿ ಹಾಕಿದೆ. ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಇಳಿಸಿ, ಮೇಲೆ ಗೋಣಿಚೀಲ ಹೊದಿಸಿದೆ. ಲೆವಮಿಸೋಲ್ ಬೆಳಕಿಗೆ ಬೇಗ ಕೆಡುತ್ತದೆ, ಕತ್ತಲೆ ಬೇಕು. ಮೊದಲ ಗಂಟೆ ರಾಮ್ಸ್‌ಹಾರ್ನ್‌ಗಳು ಚಿಪ್ಪಿನೊಳಗೆ ಮುದುಡಿಕೊಂಡವು. ಸಿಗಡಿಗಳಿಗೆ ಏನೂ ಆದಂತೆ ಕಾಣಲಿಲ್ಲ. ಮಾರನೆಯ ಸಂಜೆ ಹೊತ್ತಿಗೆ ಹತ್ತಕ್ಕೆ ಹತ್ತೂ ಇದ್ದವು, ನೆರೈಟ್ ಜಾಡಿಯ ಗಾಜು ಹತ್ತುತ್ತಿತ್ತು.

ಶನಿವಾರ ರಾತ್ರಿ ಒಂಬತ್ತಕ್ಕೆ ಟ್ಯಾಂಕಿಗೆ 240 ಮಿಲಿ. ಅದಕ್ಕೂ ಮೊದಲು ಸ್ಪಾಂಜ್ ಫಿಲ್ಟರನ್ನು ಟ್ಯಾಂಕ್ ನೀರಿನಲ್ಲೇ ಹಿಂಡಿ ತೊಳೆದಿದ್ದೆ. ಕಾರ್ಬನ್ ಚೀಲ ತೆಗೆದಿದ್ದೆ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಕುಡಿಯುತ್ತದೆ. ಒಂದೇ ಕಡೆ ಸುರಿಯದೆ, ನಾಲ್ಕು ಮೂಲೆಗೂ ಸ್ವಲ್ಪ ಸ್ವಲ್ಪ ಹಾಕಿದೆ. ಲೈಟ್ ಬಂದ್. ಹಳೆಯ ಎರಡು ಬೆಡ್‌ಶೀಟ್ ಹೊದಿಸಿದೆ. ಗಾಳಿಗೆ ಕರೆಂಟ್ ಎರಡು ಸಲ ಹೋಯಿತು. ಬ್ಯಾಟರಿ ಏರ್ ಪಂಪ್ ಗುರ್ ಗುರ್ ಅನ್ನುತ್ತಾ ಕೆಲಸ ಮಾಡಿತು.

ನಿದ್ದೆ ಬರಲಿಲ್ಲ. ಹನ್ನೆರಡಕ್ಕೆ ಬೆಡ್‌ಶೀಟ್ ಸರಿಸಿ ನೋಡಿದೆ. ಅದೇ ಹೆಣ್ಣು ಗಪ್ಪಿ. ಎಳೆಗಳು ಈಗ ಒಳಗೆ ಹೋಗುತ್ತಿರಲಿಲ್ಲ. ಬಿಗಿಯಾಗಿ, ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗೆ ನಿಂತಿದ್ದವು. ನೋಡುತ್ತಿದ್ದಂತೆ ಒಂದು ಕಳಚಿ ಮರಳಿಗೆ ಬಿತ್ತು.

ಬೆಳಿಗ್ಗೆ ಆರಕ್ಕೆ ತಳದ ಕಸ ಎಳೆಯುವ ಸೈಫನ್ ಕೊಳವೆ ಹಿಡಿದೆ. ಇಲ್ಲಿ ತಡ ಮಾಡಬಾರದು. ಉದುರಿದ ಹುಳ ಸತ್ತಿರುವುದಿಲ್ಲ, ಸೆಟೆದಿರುತ್ತದೆ ಅಷ್ಟೆ. ಹೆಣ್ಣು ಹುಳದ ಹೊಟ್ಟೆಯಲ್ಲಿ ಮರಿಗಳಿರುತ್ತವೆ, ಇದು ಮೊಟ್ಟೆಯಿಡುವ ಹುಳ ಅಲ್ಲ. ಮೇಲಾಗಿ ನಮ್ಮ ಕೋರಿಗಳು ತಳದಲ್ಲಿ ಬಿದ್ದದ್ದನ್ನೆಲ್ಲ ಪಾಯಸ ಅಂದುಕೊಳ್ಳುತ್ತವೆ. ಬಿಳಿ ಬಕೆಟ್ ಬಾಯಿಗೆ ಹಳೆ ಪಂಚೆ ಕಟ್ಟಿ, ಏರ್ ಪೈಪಿನಷ್ಟೇ ಸಣ್ಣ ಕೊಳವೆಯಿಂದ ಮರಳನ್ನು ಇಂಚಿಂಚು ಎಳೆದೆ. ದಪ್ಪ ಕೊಳವೆ ಆದರೆ ಸಿಗಡಿಮರಿಗಳೂ ಬಂದುಬಿಡುತ್ತವೆ. ಕ್ರಿಪ್ಟೊಕೊರೈನ್ ಬುಡದಲ್ಲಿ ಒಂದು ಗಂಟೆ ಹೋಯಿತು. ಬೇರು ಅಲುಗಿದರೆ ಆ ಗಿಡ ಮುನಿಸಿಕೊಂಡು ಎಲೆಯನ್ನೆಲ್ಲ ಕರಗಿಸುತ್ತದೆ. ಪಂಚೆಯ ಮೇಲೆ 37 ಕೆಂಪು ಹುಳ ಎಣಿಸಿದೆ. ಉದ್ದದ್ದು ಒಂದು ಸೆಂಟಿಮೀಟರ್ ಇತ್ತು. ಮರಳಿನಲ್ಲಿ ವಾಸಿಸುವ, ಯಾರಿಗೂ ತೊಂದರೆ ಕೊಡದ ಬಿಳಿ ಹುಳಗಳೂ ಬಂದಿದ್ದವು. ಅವುಗಳ ಬಗ್ಗೆ ಸ್ವಲ್ಪ ಪಾಪ ಅನ್ನಿಸಿತು.

ರಾತ್ರಿ ಒಂಬತ್ತಕ್ಕೆ ಇಪ್ಪತ್ತನಾಲ್ಕು ಗಂಟೆ ಮುಗಿಯಿತು. ಮತ್ತೊಮ್ಮೆ ತಳ ಎಳೆದು, ಅರ್ಧ ನೀರು ಬದಲಿಸಿ, ಕಾರ್ಬನ್ ಹಾಕಿದೆ. ಸೋಮವಾರ ಇನ್ನೊಂದು ಅರ್ಧ ಬದಲಿಸಿದೆ. ಸಿಗಡಿ ಒಂದೂ ಸಾಯಲಿಲ್ಲ, ಬಸವನಹುಳುಗಳೂ ಅಷ್ಟೆ. ಊಟ ಬಿಟ್ಟಿದ್ದ ನಾಲ್ಕು ಗಪ್ಪಿಗಳಲ್ಲಿ ಮೂರು, ಒಂದು ವಾರದೊಳಗೆ ಸತ್ತು ಹೋದವು. ಹುಳ ಬಿದ್ದರೂ ಕರುಳು ಆಗಲೇ ಹಾಳಾಗಿತ್ತು ಅನ್ನಿಸುತ್ತದೆ. ನಾಲ್ಕನೆಯದು, ಮೊದಲು ಕಂಡ ಆ ಹೆಣ್ಣು, ಬುಧವಾರ ಬೇಯಿಸಿದ ಬಟಾಣಿ ಚೂರಿಗೆ ಬಾಯಿ ಹಾಕಿತು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಅಮ್ಮ ಬಂದರು. "ಆ ಬಕೆಟ್ ನೀರು ತಾವರೆ ತೊಟ್ಟಿಗೆ ಹಾಕಿದೀನಿ ಕಣೋ, ಗೊಬ್ಬರದ ನೀರು ಅಲ್ವಾ."

ಪಂಚೆಗೆ ಸಿಕ್ಕಿಕೊಂಡದ್ದು ಕಣ್ಣಿಗೆ ಕಾಣುವ ಹುಳ. ಅವುಗಳ ಮರಿಗಳು ಸಿಕ್ಕಿಕೊಳ್ಳುವುದಿಲ್ಲ. ನಾಲ್ಕು ವರ್ಷದಿಂದ ಟ್ಯಾಂಕ್ ನೀರನ್ನು ಗಿಡಕ್ಕೆ ಹಾಕಿ ಅಂತ ಹೇಳಿಕೊಟ್ಟವನು ನಾನೇ. ಅಮ್ಮನಿಗೆ ಏನು ಹೇಳಲಿ? ತಾವರೆ ತೊಟ್ಟಿಯಲ್ಲೂ ಗಪ್ಪಿಗಳಿವೆ. ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟದ್ದು, ಆರೋಗ್ಯ ಇಲಾಖೆಯವರು ಕೆರೆ, ತೊಟ್ಟಿಗಳಿಗೆ ಬಿಡುತ್ತಾರಲ್ಲ, ಹಾಗೆ.

ಒಂದು ಲೋಟ ತೊಟ್ಟಿ ನೀರನ್ನು ಬಿಸಿಲಿಗೆ ಹಿಡಿದೆ. ಬಿಳಿ ಚುಕ್ಕೆಗಳು ಟಣ್ ಟಣ್ ಅಂತ ಜಿಗಿಯುತ್ತಿದ್ದವು. ಕೆಲವಕ್ಕೆ ಹಿಂದೆ ಎರಡು ಪುಟ್ಟ ಮೊಟ್ಟೆ ಚೀಲ. ಸೈಕ್ಲಾಪ್ಸ್ ಅನ್ನುವ ಪುಟ್ಟ ನೀರುಜೀವಿ. ನೀರಿಗೆ ಬಿದ್ದ ಕಮಲ್ಲಾನಸ್ ಮರಿಯನ್ನು ಸೈಕ್ಲಾಪ್ಸ್ ತಿನ್ನುತ್ತದೆ, ಮರಿ ಅದರೊಳಗೆ ಬೆಳೆಯುತ್ತದೆ, ಆ ಸೈಕ್ಲಾಪ್ಸನ್ನು ಮೀನು ತಿನ್ನುತ್ತದೆ. ಅಮ್ಮನಿಗೆ ಇದನ್ನು ವಿವರಿಸಿದೆ. ಅಮ್ಮನ ತವರು ರಾಯಚೂರು ಕಡೆ. "ನಾರುಹುಣ್ಣಿನ ಥರಾನೇ ಅನ್ನು. ನಮ್ಮಜ್ಜಿ ಬಾವಿ ನೀರನ್ನ ಬಟ್ಟೆಯಲ್ಲಿ ಸೋಸದೆ ಕುಡಿಯೋಕೆ ಬಿಡ್ತಿರಲಿಲ್ಲ" ಅಂದರು. ನಾನು ಬೆರಗಾದೆ. ಹೌದು, ಥರಾ ಮಾತ್ರ ಅಲ್ಲ, ನಂಟು ಸಹ ಇದೆ. ನಾರುಹುಣ್ಣಿನ ಹುಳವೂ (ಗಿನಿ ವರ್ಮ್) ಕಮಲ್ಲಾನಸ್‌ನ ದೂರದ ದಾಯಾದಿ, ಅದೂ ಸೈಕ್ಲಾಪ್ಸ್ ಮೂಲಕವೇ ಮನುಷ್ಯನ ಹೊಟ್ಟೆ ಸೇರುತ್ತಿತ್ತು. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಅದರಿಂದ ಮುಕ್ತ ಅಂತ ಘೋಷಿಸಿತು.

ಆ ಲೋಟ ಹಿಡಿದು ನಿಂತಾಗಲೇ ನನ್ನ ಖುಷಿ ಸ್ವಲ್ಪ ಇಳಿಯಿತು. ಲೆವಮಿಸೋಲ್ ಆರಿಸಿದ್ದು ಏಕೆ? ಸಿಗಡಿ ಸಾಯಬಾರದು ಅಂತ. ಸೈಕ್ಲಾಪ್ಸ್ ಯಾರು? ಸಿಗಡಿಯ ಬಂಧು. ಟ್ಯಾಂಕ್ ನೀರನ್ನೂ ಲೋಟದಲ್ಲಿ ಹಿಡಿದು ನೋಡಿದೆ. ಔಷಧಿಯಲ್ಲಿ ಇಡೀ ದಿನ ಮುಳುಗಿದ್ದ ಅವೂ ಆರಾಮಾಗಿ ಜಿಗಿಯುತ್ತಿದ್ದವು. ನನ್ನ ಸಿಗಡಿಯನ್ನು ಉಳಿಸಿದ ಮದ್ದು ಹುಳದ ಬಾಡಿಗೆ ಮನೆಯನ್ನೂ ಉಳಿಸಿತ್ತು. ಹಾಗಂತ ಸೈಕ್ಲಾಪ್ಸ್ ಕೊಂದರೆ ಮುಗಿಯಿತು ಅಂತಲೂ ಇಲ್ಲ. ಸೈಕ್ಲಾಪ್ಸ್ ಸಿಗದಿದ್ದರೆ ಈ ಹುಳ ಮೀನಿನಿಂದ ಮೀನಿಗೆ ನೇರವಾಗಿಯೂ ದಾಟಬಲ್ಲದು ಅಂತ ಲೆವ್ಸೆನ್ ಮತ್ತು ಯಾಕೊಬ್ಸೆನ್ ಅನ್ನುವ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ಉಳಿದ ದಾರಿ ಒಂದೇ. ಸೈಕ್ಲಾಪ್ಸ್ ಒಳಗಿರುವ ಮರಿಗಳು ಮೀನಿನ ಹೊಟ್ಟೆ ಸೇರಿ ದೊಡ್ಡವಾಗಬೇಕು, ಆದರೆ ಹೊಸ ಮರಿ ಹಾಕುವಷ್ಟು ಸಮಯ ಸಿಗಬಾರದು. ಆ ನಡುವೆ ಇನ್ನೊಂದು ಡೋಸ್. ಎರಡು ಡೋಸ್‌ಗಳ ನಡುವೆ ಮೂರು ವಾರ ಅನ್ನುವ ಅಂತರ ಇದಕ್ಕೇ.

ತಾವರೆ ತೊಟ್ಟಿ 60 ಲೀಟರ್. ಒಂದು ಮಾತ್ರೆ 150 ಮಿಲಿ ನೀರಿನಲ್ಲಿ, ಅದರಲ್ಲಿ 120 ಮಿಲಿ ತೊಟ್ಟಿಗೆ. ಮೇಲೆ ಗೋಣಿಚೀಲ, ಅದರ ಮೇಲೆ ಹಲಗೆ. ತಾವರೆ ಎಲೆ ಒಂದು ದಿನ ಮಡಚಿಕೊಂಡಿತ್ತು, ಏನೂ ಆಗಲಿಲ್ಲ. ಅಲ್ಲಿ ಕೆಂಪು ಹುಳ ಒಂದೂ ಸಿಗಲಿಲ್ಲ. ಆದರೂ ಎರಡನೆಯ ಡೋಸಿಗೆ ಅದನ್ನೂ ಸೇರಿಸಿಕೊಂಡೆ. ಬಲೆಗಳನ್ನು ಬೇರೆ ಮಾಡಿದೆ, ತೊಟ್ಟಿಯ ಬಲೆ ಹಿಡಿಗೆ ಕೆಂಪು ದಾರ ಕಟ್ಟಿದೆ. ಸೈಫನ್ ನೀರು ಈಗ ಕುದಿಯುವ ನೀರು ಬೆರೆಸಿ ಟಾಯ್ಲೆಟ್ಟಿಗೆ. ಚರಂಡಿಗೆ ಬಿಟ್ಟರೆ ಕೊನೆಗೆ ಸೇರುವುದು ಕೆರೆ. ಹವಾಯಿ ದ್ವೀಪಗಳಲ್ಲಿ ಹೊರಗಿನಿಂದ ತಂದ ಗಪ್ಪಿ ಜಾತಿಯ ಮೀನುಗಳಿಂದ ಇದೇ ಹುಳ ಅಲ್ಲಿನ ಹೊಳೆಗಳ ಸ್ವಂತ ಮೀನುಗಳಿಗೆ ಹತ್ತಿದೆ. ನಮ್ಮ ಹಳ್ಳದ ಮೀನುಗಳಿಗೆ ಆ ಉಪಕಾರ ನಾನು ಮಾಡುವುದು ಬೇಡ.

ಮೂರು ವಾರದಲ್ಲಿ ದಿನಾ ರಾತ್ರಿ ಟಾರ್ಚ್ ಹಿಡಿದು ಒಂದೊಂದೇ ಮೀನು ನೋಡಿದೆ. ಆಹಾರ ಕಡಿಮೆ ಹಾಕಿದೆ, ಉಳಿದ ಆಹಾರ ಕೊಳೆತರೆ ಸೈಕ್ಲಾಪ್ಸ್‌ಗೆ ಹಬ್ಬ. ಹತ್ತೊಂಬತ್ತನೆಯ ದಿನದವರೆಗೂ ಎಲ್ಲೂ ಕೆಂಪು ಕಾಣಲಿಲ್ಲ. ಬಿಟ್ಟುಬಿಡೋಣವಾ ಅನ್ನಿಸಿದ್ದು ನಿಜ. ಇಪ್ಪತ್ತೆರಡನೆಯ ದಿನ ಮೂರು ಮಾತ್ರೆ, 450 ಮಿಲಿ. ಟ್ಯಾಂಕಿಗೆ 240, ತೊಟ್ಟಿಗೆ 120. ಅದೇ ಕತ್ತಲೆ, ಅದೇ ಬೆಡ್‌ಶೀಟ್. ಬೆಳಿಗ್ಗೆ ಪಂಚೆಯ ಮೇಲೆ ಮೂರು ಹುಳ. ಮೊದಲಿನವುಗಳ ಅರ್ಧದಷ್ಟೂ ಉದ್ದ ಇರಲಿಲ್ಲ, ಬಣ್ಣ ಇನ್ನೂ ತಿಳಿಗೆಂಪು. ಹೊರಗೆ ಇಣುಕುವ ವಯಸ್ಸು ಆಗಿರಲಿಲ್ಲ.

ಆ ಮೂರನ್ನು ನೋಡಿದ ಮೇಲೆ ಮೂರನೆಯ ಡೋಸನ್ನೂ ಕೊಟ್ಟೆ, ಇನ್ನು ಮೂರು ವಾರಕ್ಕೆ. ಆ ಸಲ ಪಂಚೆ ಖಾಲಿ. ಆಪಲ್ ಬಸವನಹುಳು ಆ ವಾರವೇ ಟ್ಯಾಂಕ್ ಮುಚ್ಚಳದ ಕೆಳಗೆ ಗುಲಾಬಿ ಬಣ್ಣದ ಮೊಟ್ಟೆ ಗೊಂಚಲು ಇಟ್ಟಿತು. ಸಿಗಡಿ ಎಣಿಸುವುದನ್ನು ಬಿಟ್ಟಿದ್ದೇನೆ. ಆ ಹೆಣ್ಣು ಗಪ್ಪಿ ದುಂಡಗಾಗಿದೆ, ಈ ಸಲ ಹೊಟ್ಟೆಯಲ್ಲಿರುವುದು ಅದರದ್ದೇ ಮರಿಗಳು.

ಹೋದ ಭಾನುವಾರ ಐದು ಪ್ಲಾಟಿ ಮೀನು ತಂದೆ. ಅವು ಈಗ ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಟಬ್ಬಿನಲ್ಲಿವೆ. ಬೇರೆ ಬಲೆ, ಬೇರೆ ಪೈಪ್, ಬೇರೆ ಸ್ಪಾಂಜ್. ನಾಳೆ ರಾತ್ರಿ ಮೊದಲ ಡೋಸ್. 20 ಲೀಟರ್, 40 ಮಿಲಿ.